ತಡವರಿಸಿದ ದೂತ

ನನಗೆ ಬಾಯಿಪಾಠ ಬಹಳ ಚೆನ್ನಾಗಿ ಬರುತ್ತದೆ. ಕಷ್ಟ ಬಂದದ್ದೂ ಅದರಿಂದಲೇ. ಎಂಬತ್ತರ ದಶಕದ ಕೊನೆಯಲ್ಲಿ ಮಸ್ಕತ್ತಿನ ಕಂಪನಿಯೊಂದರಲ್ಲಿ ನೌಕರಿಗಿದ್ದಾಗ, ಊರ ಕಡೆಯ ಕೆಲವರು ಸೇರಿ ಅಲ್ ಅಜೈಬಾದ ಸ್ನೇಹಿತರ ಮನೆಯಲ್ಲಿ ಶುಕ್ರವಾರ ಮಧ್ಯಾಹ್ನ ತಾಳಮದ್ದಳೆ ಶುರುಮಾಡಿದೆವು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಂದಲೇ ಪಾತ್ರವಾಗಿ ವಾದಿಸಬೇಕು. ವಾದ ಅಲ್ಲಲ್ಲೇ ಹುಟ್ಟಬೇಕೆಂಬುದು ಆ ಕಲೆಯ ನಿಯಮ. ನಾನು ಮಾತ್ರ ಅದನ್ನು ಮನೆಯಲ್ಲೇ ಹುಟ್ಟಿಸಿ, ಸಾಕಿ, ದೊಡ್ಡದು ಮಾಡಿ ಕರೆತರುತ್ತಿದ್ದೆ.

ಸಂಧಾನಕ್ಕೆ ಬಂದ ದೂತನ ಪಾತ್ರ ಸಿಕ್ಕಿದಾಗ ಜಂಬದಿಂದ ಆಫೀಸಿನ ಪೇಣ್ಕರ್ ಅವರನ್ನೂ ಕರೆದೆ. ಅವರು ಅಲಿಬಾಗ್ ಕಡೆಯ ಯಹೂದಿ. ಮನೆಮಾತು ಮರಾಠಿ, ನನ್ನೊಡನೆ ಹಿಂದಿ. ರಾಜನಾಗಿ ನನ್ನೆದುರು ಕುಳಿತವರು ಒಳನಾಡಿನ ಇಬ್ರಾ ಊರಿನಲ್ಲಿ ಅಂಗಡಿ ಇಟ್ಟಿದ್ದ ಶೆಟ್ಟರು. ನನ್ನ ಶಾಂತಿಬೋಧೆ ಸರಾಗವಾಗಿ ಸಾಗುತ್ತಿದ್ದಾಗ ಅವರು ನಡುವೆ ಬಾಯಿ ಹಾಕಿದರು: “ಅದೆಲ್ಲ ಇರಲಿ ದೂತ. ಸಂಧಾನ ಮುರಿದರೆ ನಿನ್ನ ಗಂಟೇನು ಹೋಗುತ್ತದೆ?”

ನನ್ನ ಬಾಯಿಪಾಠದಲ್ಲಿ ಆ ಪ್ರಶ್ನೆ ಇರಲಿಲ್ಲ. ಬಾಯಿ ತೆರೆದೆ, ಮುಚ್ಚಿದೆ, ನೀರು ಕುಡಿದೆ. ಕೊನೆಗೆ ಭಾಗವತರೇ ಕನಿಕರಪಟ್ಟು ಮುಂದಿನ ಪದ ಎತ್ತಿಕೊಂಡರು. ಕಣ್ಣೆತ್ತಿದರೆ ಪೇಣ್ಕರ್ ಎದ್ದು ಹೋಗುತ್ತಿದ್ದರು. ಕನ್ನಡ ಬಾರದವರಿಗೂ ನನ್ನ ಮೌನ ಅರ್ಥವಾಯಿತಲ್ಲ ಎಂದು ಕಿವಿ ಬಿಸಿಯಾಯಿತು.

ಸೀಬಿನ ನಮ್ಮ ಮನೆಗೆ ವಾಪಸಾಗುವಾಗ ಹೆಂಡತಿಗೆ ಹೇಳಿದೆ: “ಖಲಾಸ್. ಇನ್ನು ಅರ್ಥ ಹೇಳ್ಲಿಕ್ಕೆ ನಾನಿಲ್ಲ.”

“ಒಳ್ಳೇದಾಯ್ತು,” ಎಂದಳು, “ಬಚ್ಚಲಲ್ಲಿ ದೂತನ ಗಲಾಟೆಯಾದ್ರೂ ತಪ್ಪಿತು.”

ಮರುದಿನ ಶನಿವಾರ, ಅಲ್ಲಿ ವಾರದ ಮೊದಲ ಕೆಲಸದ ದಿನ. ಪೇಣ್ಕರ್ ಚಹಾ ಹಿಡಿದು ನನ್ನ ಮೇಜಿಗೆ ಬಂದರು. “ನಡುವೆ ಎದ್ದು ಹೋದೆ, ತಪ್ಪು ತಿಳಿಯಬೇಡಿ. ಸೂರ್ಯ ಮುಳುಗುವ ಮೊದಲು ದೀಪ ಹಚ್ಚಬೇಕಿತ್ತು. ಶನಿವಾರ ನಮಗೆ ವಿಶ್ರಾಂತಿಯ ದಿನ. ಶುಕ್ರವಾರ ಸಂಜೆಗೇ ಶುರು.” ಶನಿವಾರ ಗಾಣ ಮುಟ್ಟದ ಎಣ್ಣೆಯವರೆಂದೇ ಕೊಂಕಣದಲ್ಲಿ ಅವರ ಜನಕ್ಕೆ ಹೆಸರಂತೆ.

“ಮತ್ತೆ ಇವತ್ತು ಕೆಲಸಕ್ಕೆ ಬಂದಿದ್ದೀರಲ್ಲ?” ಎಂದು ಕೇಳಿಬಿಟ್ಟೆ.

ಅವರ ಮುಖ ಸ್ವಲ್ಪ ಇಳಿಯಿತು. “ಬೊಂಬಾಯಿಯಲ್ಲಿ ಮಕ್ಕಳು ಓದುತ್ತಿದ್ದಾರೆ ಭಾಯಿ. ಪ್ರತಿ ಶನಿವಾರ ಸೋಲುತ್ತೇನೆ. ಹೇಗೂ ಮುರಿಯುವ ನೇಮಕ್ಕೆ ದೀಪವೇಕೆ ಎಂದು ಇಲ್ಲಿಗೆ ಬಂದ ಹೊಸದರಲ್ಲಿ ಅದನ್ನೂ ಬಿಟ್ಟಿದ್ದೆ. ಮನಸ್ಸಿಗೆ ಹಿಡಿಸಲಿಲ್ಲ. ಈಗ ಹಚ್ಚುತ್ತೇನೆ. ನೇಮ ತಪ್ಪದ ಕಾಲದಲ್ಲಿ ಆ ದೀಪದ ಮುಂದೆ ಇಷ್ಟು ಹೊತ್ತು ನಿಂತವನೇ ಅಲ್ಲ ನಾನು.”

ಎಡವದವನಿಗೆ ಧರ್ಮದ ಮಾತು ನಿಲುಕದೆಂದು ಅವರ ಹಿರಿಯರು ಹೇಳುತ್ತಾರಂತೆ. ಅವರ ಪ್ರವಾದಿ ಸಿಟ್ಟಿನಲ್ಲಿ ಒಡೆದ, ದೇವರ ಆಜ್ಞೆಗಳಿದ್ದ ಕಲ್ಲಿನ ಚೂರುಗಳನ್ನೂ, ಮತ್ತೆ ಕೆತ್ತಿದ ಇಡೀ ಕಲ್ಲುಗಳನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟುಕೊಂಡು ಆ ಜನ ಮರುಭೂಮಿ ದಾಟಿದರಂತೆ. ನಮ್ಮಲ್ಲಿ ಭಿನ್ನವಾದ ವಿಗ್ರಹವನ್ನು ನೀರಿಗೆ ಬಿಡುತ್ತಾರೆ, ಚೂರು ಹೊತ್ತು ತಿರುಗಿದರೆ ಏನು ಬಂತು ಎಂದು ನಾನು ವಾದ ಹೂಡಿದೆ. ಚಹಾ ಆರಿತು. ಬಾಯಿಪಾಠವಿಲ್ಲದೆ ನಾನು ಮಾಡಿದ ಮೊದಲ ವಾದ ಅದೆಂದು ಆಗ ಹೊಳೆಯಲಿಲ್ಲ.

ನಾನಿನ್ನು ಬರುವುದಿಲ್ಲವೆಂಬ ಸುದ್ದಿ ಮುಟ್ಟಿ, ವಾರದ ನಡುವೆ ಶೆಟ್ಟರ ಫೋನು: “ಎಂತ ಮಾರಾಯ್ರೆ, ದೂತ ಇಲ್ಲದೆ ನಾನು ಯಾರ ಹತ್ರ ಜಗಳ ಮಾಡುವುದು? ಯಲ್ಲಾ, ಹೊರಡಿ, ಬನ್ನಿ.”

ಶುಕ್ರವಾರ ಹೋದೆ, ಏನನ್ನೂ ಬಾಯಿಪಾಠ ಮಾಡದೆ. ಶೆಟ್ಟರು ಈ ಸಲ ಬೇರೆ ಕಡೆಯಿಂದ ಬಂದರು: “ಸಂಧಾನ ಆದೀತೆಂದು ನಿನಗೇ ನಂಬಿಕೆ ಇದೆಯೇ ದೂತ?”

ತಡವರಿಸಿದೆ. ಭಾಗವತರು ತಾಳಕ್ಕೆ ಕೈ ಹಾಕಿದ್ದು ಕಂಡಿತು. “ಇಲ್ಲ ಪ್ರಭು,” ಎಂದೆ. “ಆದರೂ ಬಂದಿದ್ದೇನೆ.”

“ಆಗದೆಂದು ತಿಳಿದೂ ಏಕೆ ಬಂದೆ?” ಶೆಟ್ಟರ ದನಿಯಲ್ಲಿದ್ದ ಗತ್ತು ಕರಗಿತ್ತು.

“ನಾನು ಬಾರದೆ ಉಳಿದರೆ, ಆಗಲಿಲ್ಲ ಎನ್ನುವ ಹಕ್ಕೂ ನನಗಿರುವುದಿಲ್ಲ.”

ವಾದದಲ್ಲಿ ಗೆದ್ದವರು ಶೆಟ್ಟರೇ. ಪ್ರಸಂಗದಲ್ಲಿ ಯುದ್ಧ ನಡೆಯಲೇಬೇಕಿತ್ತು. ಮುಗಿದ ಮೇಲೆ ಅವರು ನನ್ನ ಭುಜ ಹಿಡಿದು, “ಇವತ್ತು ನೀವು ಮಾತಾಡಿದ್ರಿ ಮಾರಾಯ್ರೆ,” ಎಂದರು.

ಆಮೇಲೂ ಎಷ್ಟೋ ಸಭೆಗಳಲ್ಲಿ ತಡವರಿಸಿದ್ದೇನೆ. ಆದರೆ ಈಗ ತಡವರಿಸಿದಾಗ ಯಾರು ನಗುತ್ತಿದ್ದಾರೆಂದು ನೋಡುವುದಿಲ್ಲ. ಎದುರಿಗಿದ್ದವರು ನಿಜವಾಗಿ ಕೇಳಿದ್ದೇನು ಎಂದು ಇನ್ನೊಮ್ಮೆ ಯೋಚಿಸುತ್ತೇನೆ.