ಫ್ಲಾಪಿಯ ಮೇಲಿನ ಕುಂಕುಮ

ಗೌರಕ್ಕನ ಕೈಯಿಂದ ಏನೂ ಕೆಡಲಿಲ್ಲ. ಕೆಡಿಸಿದವನು ನಾನು. ಇಷ್ಟು ಹೇಳುವುದಕ್ಕೆ ನನಗೆ ಮೂವತ್ತು ವರ್ಷಕ್ಕೂ ಮೇಲೆ ಹಿಡಿಯಿತು— ಹೇಳಿಯಾದ ಮೇಲೆ ನೋಡಿದರೆ ಎಷ್ಟು ಸಣ್ಣ ಮಾತು! ಆಗಲೇ ಬಾಯಿ ಬಿಟ್ಟಿದ್ದರೆ ಹೆಚ್ಚೆಂದರೆ ನೌಕರಿ ಹೋಗುತ್ತಿತ್ತು. ಹೋದರೆ ಹೋಗಲಿ, ಅದೇನು ಕಲೆಕ್ಟರನ ನೌಕರಿಯೇ? ಆದರೆ ಆ ವಯಸ್ಸಿನಲ್ಲಿ ನನಗೆ ಅದೇ ದೊಡ್ಡದಾಗಿ ಕಂಡಿತು, ಒಬ್ಬ ಹೆಂಗಸಿನ ಬಾಳು ಸಣ್ಣದಾಗಿ ಕಂಡಿತು.

ಎಂಬತ್ತರ ದಶಕದ ಕೊನೆ. ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಬಜಾರಿನಲ್ಲಿ ಮಲ್ಲಣ್ಣ ಸಾಹುಕಾರರ ಅಂಗಡಿ. ಕಿರಾಣಿ, ಬಟ್ಟೆ, ಸ್ಟೀಲ್ ಪಾತ್ರೆ ಎಲ್ಲವೂ ಒಂದೇ ಕಡೆ. ಸಾಹುಕಾರರಿಗೆ ಹೊಸದೆಂದರೆ ಹುಚ್ಚು. ಹುಬ್ಬಳ್ಳಿಯ ಯಾವುದೋ ಅಂಗಡಿಯಲ್ಲಿ ಕಂಪ್ಯೂಟರಿನಿಂದ ಬಿಲ್ಲು ಹೊಡೆಯುವುದನ್ನು ನೋಡಿ ಬಂದವರು ತಾವೂ ಒಂದು ತಂದು ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿದರು. ಹುಬ್ಬಳ್ಳಿಯಲ್ಲೇ ಕೆಲವು ತಿಂಗಳು ಕಂಪ್ಯೂಟರ್ ಕಲಿತು ಬಂದಿದ್ದ ನನ್ನನ್ನು ಅದರ ಮುಂದೆ ಕೂರಿಸಿದರು. ಪ್ರಿಂಟರು ಕರ್ ಕರ್ ಅಂತ ಬಿಲ್ಲು ಉಗುಳುವುದನ್ನು ನೋಡಲಿಕ್ಕೇ ಜನ ಬರುತ್ತಿದ್ದರು. ನನ್ನ ಕಾಲು ಆಗ ನೆಲದ ಮೇಲೆ ಇರಲಿಲ್ಲ ಬಿಡಿ.

ಯಾವ ಮನೆಯವರು ಏನು ಒಯ್ದರು ಅನ್ನುವುದೆಲ್ಲ ಆ ಯಂತ್ರದಲ್ಲಿ ಕೂಡಿಕೊಳ್ಳುತ್ತ ಹೋಗುತ್ತಿತ್ತು. ವರ್ಷವಿಡೀ ನಮ್ಮಲ್ಲೇ ಸಂತೆ ಮಾಡಿದವರಿಗೆ, ಅವರವರ ಖರೀದಿಗೆ ತಕ್ಕಂತೆ ಯುಗಾದಿಗೆ ಸ್ಟೀಲಿನ ಕೊಡವೋ ಪರಾತವೆಂಬ ಅಗಲ ತಟ್ಟೆಯೋ ಉಡುಗೊರೆ— ಇದು ಸಾಹುಕಾರರ ಹೊಸ ಯೋಜನೆ. ಹಳ್ಳಿಯ ಹೆಣ್ಣುಮಕ್ಕಳು ಬಂದಾಗಲೆಲ್ಲ ತಮ್ಮ ಕೊಡ ಎಲ್ಲಿಗೆ ಬಂತು ಅಂತ ನನ್ನನ್ನು ಕೇಳುತ್ತಿದ್ದರು. ನಾನು ಗುಂಡಿ ಒತ್ತಿ, ಇನ್ನೂ ಕುತ್ತಿಗೆ ತನಕ ಬಂದಿದೆ, ಬಾಯಿ ಬಾಕಿ ಇದೆ ಎಂದು ತಮಾಷೆ ಮಾಡುತ್ತಿದ್ದೆ.

ಯಂತ್ರ ಕೆಟ್ಟರೆ ಇದೆಲ್ಲ ಹೋಗುತ್ತದೆ. ಅದಕ್ಕೇ ದಿನವೂ ಸಂಜೆ ಎಲ್ಲವನ್ನೂ ಫ್ಲಾಪಿಗಳಿಗೆ ನಕಲು ಇಳಿಸಬೇಕು. ಕೆಟ್ಟ ದಿನ ಆ ನಕಲಿನಿಂದ ಮತ್ತೆ ತುಂಬಿಕೊಳ್ಳಬಹುದು. ಫ್ಲಾಪಿ ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಅಂಗೈಗಿಂತ ಅಗಲವಾದ, ಬಳುಕುವ ಕರಿಯ ಚೌಕ. ಕಾಗದದ ಲಕೋಟೆಯಲ್ಲಿಟ್ಟು ಜೋಪಾನ ಮಾಡಬೇಕು. ಒಂದರಲ್ಲಿ ಎಲ್ಲ ಹಿಡಿಯುವುದಿಲ್ಲ. ಒಂದು ತುಂಬಿದ ಮೇಲೆ ತೆಗೆದು ಇನ್ನೊಂದು ಹಾಕು, ಅದನ್ನು ತೆಗೆದು ಮತ್ತೊಂದು ಹಾಕು— ಯಂತ್ರದ ಮುಂದಿನಿಂದ ಏಳುವಂತೆಯೇ ಇಲ್ಲ.

ನನಗೆ ಅದೇ ವರ್ಷ ಮದುವೆಯಾಗಿತ್ತು. ಮನೆ ತಳಕಲ್ಲಿನಲ್ಲಿ. ಸಂಜೆಯ ಬಸ್ಸು ತಪ್ಪಿದರೆ ಯಾವುದಾದರೂ ಲಾರಿಗೆ ಕೈ ಮಾಡಬೇಕು. ದಸರೆಯ ತನಕ ನಿಯತ್ತಾಗಿ ನಕಲು ತೆಗೆದೆ. ಆಮೇಲೆ ಒಂದು ದಿನ ಬಿಟ್ಟೆ— ಏನೂ ಆಗಲಿಲ್ಲ. ಇನ್ನೊಂದು ದಿನ ಬಿಟ್ಟೆ... ಕೊನೆಗೆ ಖಾಲಿ ಫ್ಲಾಪಿಗಳಿಗೆ ಸೋಮವಾರ, ಮಂಗಳವಾರ ಎಂದು ಚೀಟಿ ಅಂಟಿಸಿ ಡಬ್ಬಿಯಲ್ಲಿ ಜೋಡಿಸಿಟ್ಟು ಬಸ್ಸಿಗೆ ಓಡುವುದೇ ರೂಢಿಯಾಯಿತು. ಡಬ್ಬಿ ನೋಡಿದ ಸಾಹುಕಾರರು ಭಾಳ ಅಚ್ಚುಕಟ್ಟಿನ ಹುಡುಗ ಎಂದು ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ಹೊಗಳಿಕೆಯನ್ನು ತೆಗೆದುಕೊಳ್ಳುವಾಗ ನನಗೇನೂ ಚುಚ್ಚಲಿಲ್ಲ. ಚುಚ್ಚಬೇಕಿತ್ತು.

ಗೌರಕ್ಕನ ವಿಷಯಕ್ಕೆ ಬರುತ್ತೇನೆ. ಅವಳ ಗಂಡ ಅದೇ ಅಂಗಡಿಯಲ್ಲಿ ತೂಕ ಮಾಡುತ್ತಿದ್ದವನು, ಹಾವು ಕಚ್ಚಿ ತೀರಿಕೊಂಡಿದ್ದ. ಸಣ್ಣ ಮಗಳೊಬ್ಬಳಿದ್ದಳು. ಸಾಹುಕಾರರು ಗೌರಕ್ಕನನ್ನು ಕಸ ಮುಸುರೆಗೆ ಇಟ್ಟುಕೊಂಡರು. ಬೆಳಿಗ್ಗೆ ಅಂಗಡಿಯ ದೀಪ ಹಚ್ಚುವುದನ್ನೂ, ಅಮಾವಾಸ್ಯೆಯ ಪೂಜೆಯನ್ನೂ ಅವಳಿಗೇ ವಹಿಸಿದರು. ಗಂಡ ಸತ್ತವಳ ಕೈಯಲ್ಲಿ ಅಂಗಡಿಯ ದೀಪ! ಬಜಾರು ಗುಸುಗುಸು ಎಂದಿತು. ಸಾಹುಕಾರರ ತಾಯಿ, ನಾವೆಲ್ಲ ಅವ್ವಾರು ಎನ್ನುತ್ತಿದ್ದವರು, ಎರಡು ದಿನ ಮಗನ ಜೊತೆ ಮಾತು ಬಿಟ್ಟರು. ನನ್ನ ಅಂಗಡಿ, ನನ್ನ ದೀಪ ಎಂದು ಸಾಹುಕಾರರು ಜಗ್ಗಲಿಲ್ಲ. ವ್ಯಾಪಾರ ಬೆಳೆಯಿತು, ಜನರ ಬಾಯಿ ಮುಚ್ಚಿತು. ಊರಿನಲ್ಲಿ ಎಲ್ಲೂ ಇಲ್ಲದ ಒಂದು ಮರ್ಯಾದೆ ಗೌರಕ್ಕನಿಗೆ ಆ ಅಂಗಡಿಯಲ್ಲಿ ಸಿಕ್ಕಿತ್ತು. ದೀಪ ಹಚ್ಚುವಾಗ ಅವಳ ಮುಖ ನೋಡಿದವರಿಗೆ ಅದು ಗೊತ್ತಾಗುತ್ತಿತ್ತು.

ಅಮಾವಾಸ್ಯೆಗೆ ತಕ್ಕಡಿ, ಗಲ್ಲಾಪೆಟ್ಟಿಗೆ, ಸಾಹುಕಾರರ ಸ್ಕೂಟರು— ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಶಿವರಾತ್ರಿ ಅಮಾವಾಸ್ಯೆಯ ದಿನ ಅವಳು ಕಂಪ್ಯೂಟರಿಗೂ ಮಾಡಿ, ಫ್ಲಾಪಿಯ ಡಬ್ಬಿಗೂ ಕೈ ಹಾಕಿದಳು. ಒಂದೊಂದನ್ನೇ ಲಕೋಟೆಯಿಂದ ಹೊರಗೆ ತೆಗೆಯತೊಡಗಿದಳು. ಲಕೋಟೆಯ ಮೇಲೇ ಹಚ್ಚಿದರೆ ಸಾಕು ಎಂದೆ. “ದೇವರಿಗೆ ಮುಸುಕ ಹಾಕಿ ಪೂಜಿ ಮಾಡ್ತಾರೇನೋ ತಮ್ಮಾ?” ಎಂದಳು. ನಾನು ನಕ್ಕೆ. ಬೇಡ ಎನ್ನಲಿಲ್ಲ— ಖಾಲಿ ಫ್ಲಾಪಿ, ಏನು ಹಚ್ಚಿದರೇನು! ಆದರೂ ಅವಳು ಪ್ರತಿಯೊಂದರ ಮೂಲೆಯಲ್ಲಿ, ಚೀಟಿ ಅಂಟಿಸಿದ ಕಡೆ, ಸಣ್ಣದೊಂದು ಬೊಟ್ಟಿಟ್ಟಳಷ್ಟೆ. ಯಂತ್ರ ಓದುವ ಜಾಗಕ್ಕೆ ಒಂದು ಕಣವೂ ತಾಗಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ಕಣ್ಣಾರೆ ನೋಡಿದ್ದೇನೆ.

ಮರುದಿನ ಮಧ್ಯಾಹ್ನ ಕರೆಂಟು ಹೋಗಿ ಬಂತು, ಬಂದದ್ದು ಜೋರಾಗಿ ಬಂತು. ಯಂತ್ರ ಕಿರ್ರೆಂದು ಸದ್ದು ಮಾಡಿ ಸುಮ್ಮನಾಯಿತು. ಮತ್ತೆ ಚಾಲೂ ಮಾಡಿದರೆ ಒಳಗಿನದು ಏನೂ ಇಲ್ಲ. ಅಂಗಡಿ ತುಂಬ ಗಿರಾಕಿಗಳು. ಅವ್ವಾರೂ ಬಂದು ಕೂತಿದ್ದರು. ಸಾಹುಕಾರರಿಗೆ ಗಾಬರಿಯೇ ಇರಲಿಲ್ಲ— ನಮ್ಮ ಹುಡುಗ ದಿನಾ ನಕಲು ತೆಗೆದಿದ್ದಾನೆ, ಈಗ ತುಂಬುತ್ತಾನೆ ಎಂದು ಎಲ್ಲರಿಗೂ ಹೇಳಿ ನನ್ನ ಹಿಂದೆ ಬಂದು ನಿಂತರು.

ಖಾಲಿ ಎಂದು ಗೊತ್ತಿದ್ದೂ ಒಂದು ಫ್ಲಾಪಿ ಹಾಕಿದೆ, ಇನ್ನೊಂದು ಹಾಕಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಏನಾಯಿತು ಎಂದು ಸಾಹುಕಾರರು ಕೇಳಿದರು. ಆಗ ನನ್ನ ಬಾಯಿಂದ ಬಂದದ್ದು ಇದು:

“ಇದರ ಮ್ಯಾಲ ಕುಂಕುಮ ಬಿದ್ದೈತ್ರಿ.”

ಇಷ್ಟೇ. ನೋಡಿ— ಸುಳ್ಳಲ್ಲ. ಕುಂಕುಮ ಇತ್ತು. ಗೌರಕ್ಕನಿಂದ ಕೆಟ್ಟಿತು ಎಂದು ನಾನು ಹೇಳಲಿಲ್ಲ. ಎಷ್ಟೋ ವರ್ಷ ಈ ಮಾತನ್ನೇ ಹಿಡಿದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ಆದರೆ ಆ ಮಾತು ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

ಎಲ್ಲರೂ ಮೂಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಗೌರಕ್ಕನ ಕಡೆ ತಿರುಗಿದರು. ಅವ್ವಾರು ಎದ್ದು ನಿಂತರು. ದನಿ ಏರಿಸಲಿಲ್ಲ, ಅವರು ಏರಿಸಿದ್ದರೇ ಚೆನ್ನಾಗಿತ್ತೇನೋ. “ಗೌರವ್ವಾ, ಇನ್ನ ಮ್ಯಾಲ ದೀಪ ಮುಟ್ಟಬ್ಯಾಡವಾ. ನಿನ್ನ ಕೈ ಸರಿ ಇಲ್ಲ,” ಎಂದರು. ಸಾಹುಕಾರರು ಏನಾದರೂ ಹೇಳುತ್ತಾರೆಂದು ನಾನು ಕಾದೆ. ಅವರು ನನ್ನ ಮುಖ ನೋಡಿದರು, ನಾನು ಪರದೆ ನೋಡಿದೆ. ಅವರೂ ತಲೆ ತಗ್ಗಿಸಿದರು. ಇಡೀ ಬಜಾರಿಗೆ ಎದುರು ನಿಂತಿದ್ದ ಮನುಷ್ಯನ ಧೈರ್ಯವನ್ನು ನಾನು ಒಂದೇ ಮಾತಿನಲ್ಲಿ ಮುರಿದೆ. ಗೌರಕ್ಕ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಅಳಲಿಲ್ಲ.

ಹುಬ್ಬಳ್ಳಿಯಿಂದ ಯಂತ್ರ ರಿಪೇರಿಯವನು ಬಂದ. ಫ್ಲಾಪಿಗಳಲ್ಲಿ ಕುಂಕುಮ ಹೊಕ್ಕಿದೆ, ಹಾಕಿದರೆ ಯಂತ್ರಕ್ಕೂ ಕೆಡುಕು ಎಂದು ನಾನೇ ಮೊದಲು ಹೇಳಿದೆ. ಅವನು ಹೌದೆಂದು ಅವನ್ನು ಮುಟ್ಟಲೇ ಇಲ್ಲ. ಇನ್ನೂ ಒಂದು ಹೇಳಬೇಕು— ಹೇಳಲು ನಾಚಿಕೆಯಾಗುತ್ತದೆ. ದಸರೆಯ ತನಕ ತೆಗೆದಿದ್ದ ನಿಜವಾದ ನಕಲು ಡಬ್ಬಿಯ ತಳದಲ್ಲಿ ಇತ್ತು. ಅದನ್ನು ತುಂಬಿದ್ದರೆ ಅರ್ಧಕ್ಕರ್ಧ ಲೆಕ್ಕ ಮರಳಿ ಬರುತ್ತಿತ್ತು. ಆದರೆ ಅದಕ್ಕೂ ಬೊಟ್ಟು ಇತ್ತಲ್ಲ! ಅದು ಓಡಿದರೆ ಉಳಿದವು ಯಾಕೆ ಓಡಲಿಲ್ಲ ಎಂದು ಕೇಳುತ್ತಾರೆ. ಮನೆಗೆ ಒಯ್ದು ಬಚ್ಚಲ ಒಲೆಗೆ ಹಾಕಿದೆ. ಏನು ನಾತ ಅದು ಎಂದು ಹೆಂಡತಿ ಕೇಳಿದಳು. ಪ್ಲಾಸ್ಟಿಕ್ಕು ಎಂದೆ.

ಇನ್ನು ಮುಂದಿನದು ನನ್ನ ಪುಣ್ಯವಲ್ಲ, ಆ ಹೆಣ್ಣುಮಕ್ಕಳದು. ಯುಗಾದಿ ಹತ್ತಿರ ಬರುತ್ತಿತ್ತು. ಮನೆಯಲ್ಲಿ ಹಳೆಯ ಬಿಲ್ಲು ಇದ್ದವರು ತಂದರೆ ಮತ್ತೆ ಬರೆದುಕೊಳ್ಳುತ್ತೇವೆ ಎಂದು ಸಾಹುಕಾರರು ಸಾರಿದರು. ಹಳ್ಳಿಗಳಿಗೆ ಸುದ್ದಿ ಮುಟ್ಟಿಸುವವರು ಯಾರು? ಗೌರಕ್ಕ ಎದ್ದಳು. “ನನ್ನ ಕೈಲೆ ಕೆಟ್ಟೈತಿ, ನನ್ನ ಕೈಲೆನ ಸರಿ ಆಗ್ಲಿ,” ಎಂದಳು. ನನ್ನೆದುರಿಗೇ ಎಂದಳು! ಕಿನ್ನಾಳ, ಹಿಟ್ನಾಳ, ಸುತ್ತಲ ಊರುಗಳಿಗೆಲ್ಲ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ನಡಿಗೆ— ಬಿಸಿಲಲ್ಲಿ ಸುತ್ತಿ ಮನೆ ಮನೆಗೆ ಹೇಳಿ ಬಂದಳು.

ಬಂದವು ನೋಡಿ ಬಿಲ್ಲುಗಳು! ನಮ್ಮ ಕಡೆ ಕಾಗದಪತ್ರವನ್ನು ಗೋಡೆಗೆ ಜೋತುಬಿಟ್ಟ ತಂತಿಗೆ ಚುಚ್ಚಿಡುವುದು ರೂಢಿ. ಕೆಲವರು ತಂತಿಯ ಸಮೇತ ತಂದರು. ಖಾರದ ಪುಡಿ ಕಟ್ಟಿದ್ದವು, ಟ್ರಂಕಿನ ತಳಕ್ಕೆ ಹಾಸಿದ್ದವು, ರವಿಕೆ ಕೊಂಡದ್ದು ಅತ್ತೆಗೆ ತಿಳಿಯದಂತೆ ಸೊಸೆ ಮುಚ್ಚಿಟ್ಟಿದ್ದವು. ಕಿನ್ನಾಳದ ಗೊಂಬೆ ಮಾಡುವವರ ಮನೆಯವಳ ಬಿಲ್ಲುಗಳ ಮೇಲೆಲ್ಲ ಬಣ್ಣ— ಗೊಂಬೆಗೆ ಹಚ್ಚುವ ಮೊದಲು ಕುಂಚ ಒರೆಸಿ ನೋಡಿದ್ದು. ಕೆಂಪು ಹಳದಿಯ ನಡುವೆ ಅಕ್ಷರ ಹುಡುಕಿ ನಾನು ಬೆರಳೊತ್ತುತ್ತಿದ್ದೆ. ನಿನ್ನ ಮಿಷನ್ನಿಗಿಂತ ನಮ್ಮ ತಂತಿಯೇ ಛಲೋ ಎಂದು ಅವರು ನನ್ನನ್ನು ಆಡಿಕೊಂಡರು. ಮುದುಡಿದ ಬಿಲ್ಲುಗಳನ್ನು ಗೌರಕ್ಕ ಪಕ್ಕದಲ್ಲಿ ಕೂತು ಒಂದೊಂದಾಗಿ ನೇರ ಮಾಡಿ ಕೊಡುತ್ತಿದ್ದಳು. ಬಿಲ್ಲು ಇಲ್ಲದವರಿಗೆ ನೆರೆಮನೆಯವರು ಬಂದು ಸಾಕ್ಷಿ ನುಡಿದರು, ಸಾಹುಕಾರರು ಒಪ್ಪಿದರು. ಯಂತ್ರ ಮತ್ತೆ ತುಂಬಿತು. ಯುಗಾದಿಗೆ ಕೊಡ, ಪರಾತ ಹೊತ್ತುಕೊಂಡು ಎಲ್ಲರೂ ನಗುತ್ತ ಹೋದರು. ಅಷ್ಟು ಸಂತೋಷದ ದಿನವನ್ನು ಆ ಅಂಗಡಿ ಕಂಡಿರಲಿಲ್ಲ.

ಗೌರಕ್ಕ ಮಾತ್ರ ಹೊಸ ಪಾತ್ರೆಗಳನ್ನು ಮುಟ್ಟಲಿಲ್ಲ, ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಯಾರೋ ಕರೆದರೂ ಬರಲಿಲ್ಲ. ಅವತ್ತು ಎಲ್ಲರೂ ಖುಷಿಯಲ್ಲಿದ್ದರು, ಹೇಳಿದ್ದರೆ ಸಾಹುಕಾರರು ಬೈದು ಸುಮ್ಮನಾಗುತ್ತಿದ್ದರೇನೋ. ಬಾಯಿ ತನಕ ಬಂತು— ನುಂಗಿದೆ. ಅಂದಿನಿಂದ ನಿತ್ಯ ನಕಲು ತೆಗೆದೆ, ಬಸ್ಸು ತಪ್ಪಿಸಿಕೊಂಡೆ. ಅದರಿಂದ ಅವಳಿಗೇನು ಬಂತು?

ಅವಳ ಮಗಳ ಮದುವೆಗೆ ಹೋಗಿದ್ದೆ. ಎಲ್ಲರೂ ಅಕ್ಷತೆ ಹಾಕುವಾಗ ಗೌರಕ್ಕ ಕಂಬದ ಹಿಂದೆ ನಿಂತಿದ್ದಳು, ಕೈ ಸೆರಗಿನೊಳಗೆ. ಆಗಲೂ ನಾನು ಉಂಡು ಬಂದೆ. ಆಮೇಲೆ ಅವಳು ಮಗಳ ಜೊತೆ ಹಿಟ್ನಾಳಕ್ಕೆ ಹೋದಳು, ನಾನು ಕುಷ್ಟಗಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟೆ. ಅವ್ವಾರು ತೀರಿಕೊಂಡರು, ಸಾಹುಕಾರರೂ ಹೋದರು.

ಹೋದ ವರ್ಷದ ಕೊನೆಗೆ ಬಸ್ಸಿನಲ್ಲಿ ಗೌರಕ್ಕನ ಆ ಮಗಳು ಸಿಕ್ಕಳು. ಅವಳಿಗೂ ತಲೆ ನರೆತಿತ್ತು. ಅವಳ ಮಗಳು ಬಸುರಿ, ಕೊಪ್ಪಳದಲ್ಲಿ ಹೆರಿಗೆ ಎಂದಳು. ಮಾತಿನ ನಡುವೆ, ತನ್ನ ಅವ್ವ ಕೂಸನ್ನು ಎತ್ತಿಕೊಳ್ಳುವುದಿಲ್ಲ ಎಂದು ಈಗಲೇ ಹೇಳಿಬಿಟ್ಟಿದ್ದಾಳೆ, ಈಗ ಬಸುರಿಯಾಗಿರುವ ಈ ಮೊಮ್ಮಗಳು ಹುಟ್ಟಿದಾಗಲೂ ಹೀಗೇ ಮಾಡಿದ್ದಳು, ಏನೋ ಹುಚ್ಚು ಎಂದು ನಕ್ಕಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವಳ ಜೊತೆಯೇ ಹಿಟ್ನಾಳದಲ್ಲಿ ಇಳಿದೆ.

ಗೌರಕ್ಕ ಪಡಸಾಲೆಯಲ್ಲಿ ಕೂತಿದ್ದಳು. ಕಾಲು ಮುಟ್ಟಿ ಎಲ್ಲವನ್ನೂ ಹೇಳಿದೆ— ಬಸ್ಸು, ಖಾಲಿ ಫ್ಲಾಪಿ, ಬಚ್ಚಲ ಒಲೆ, ಏನೂ ಬಿಡದೆ. ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ನಿಧಾನವಾಗಿ ಕೇಳಿದಳು: “ಹಂಗಾರ ನನ್ನ ಕೈ ಛಲೋ ಇತ್ತೇನು?”

ಇತ್ತು ಅಕ್ಕಾ ಎಂದೆ. ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ. ಕ್ಷಮಿಸು ಎಂದೆ.

“ಕ್ಷಮಾ ಗಿಮಾ ಆಮ್ಯಾಲ ನೋಡೂಣು. ನನಗಷ್ಟ ಹೇಳಿದ್ರ ಏನ್ ಬಂತು? ಅವತ್ತು ಎಲ್ಲಾರ ಮುಂದ ಅಂದ್ರು. ನೀನೂ ಎಲ್ಲಾರ ಮುಂದ ಹೇಳು.”

ಸಾಹುಕಾರರ ಮಗ ಈಗ ಅಂಗಡಿ ನಡೆಸುತ್ತಾರೆ. ನಾನು ಹೋಗಿ ಕೇಳಿಕೊಂಡಾಗ ಮುಂದಿನ ಅಮಾವಾಸ್ಯೆಗೆ ಹಳೆಯ ಗಿರಾಕಿಗಳನ್ನು ಕರೆಸಿದರು. ಅಂದು ಅಲ್ಲಿದ್ದ ಕೆಲವು ಹೆಣ್ಣುಮಕ್ಕಳು, ಈಗ ಮುದುಕಿಯರು, ಬಂದರು, ಗೌರಕ್ಕನೂ ಬಂದಳು. ನಿಂತು ಹೇಳಿದೆ. ನಡುವೆ ಒಬ್ಬರು, ಹೋಗಲಿ ಬಿಡ್ರಿ, ಹಳೇದು ಎಂದು ತಡೆದರು. ಗೌರಕ್ಕ ಒಪ್ಪಲಿಲ್ಲ. “ಯಾಕ ಬಿಡೂದು? ಪೂರಾ ಹೇಳ್ಲಿ,” ಎಂದಳು. ಪೂರಾ ಹೇಳಿದೆ. ಅಲ್ಲಿಗೆ ಬರಲಾಗದವರಿಗೂ ತಿಳಿಯಲೆಂದು ಈಗ ಬರೆಯುತ್ತಿದ್ದೇನೆ.

ಮೊನ್ನೆ ಗೌರಕ್ಕನ ಮಗಳು ಫೋನು ಮಾಡಿದ್ದಳು. ಹೆಣ್ಣುಕೂಸು. ನರ್ಸಮ್ಮ ಹೊರಗೆ ತಂದಾಗ ಗೌರಕ್ಕ ಎಲ್ಲರನ್ನೂ ಸರಿಸಿ ಮುಂದೆ ಬಂದು ಎರಡೂ ಕೈ ಚಾಚಿದಳಂತೆ. ಕೂಸನ್ನು ಬಹಳ ಹೊತ್ತು ಯಾರಿಗೂ ಕೊಡಲೇ ಇಲ್ಲವಂತೆ. ಕೇಳಿ ನನಗೆ ಆದ ಸಂತೋಷ ಎಷ್ಟೆಂದು ಹೇಳಲಾರೆ. ಕ್ಷಮಿಸಿದ್ದೇನೆ ಎಂದು ಅವಳು ಇನ್ನೂ ಹೇಳಿಲ್ಲ, ನಾನು ಕೇಳುವುದೂ ಇಲ್ಲ. ಆ ಕೂಸಿನ ತಾಯಿ ಹುಟ್ಟಿದ ದಿನ ಗೌರಕ್ಕ ಬಾಗಿಲಾಚೆ ಕೈ ಮುದುಡಿಕೊಂಡು ನಿಂತಿದ್ದಳು. ನಿಲ್ಲಿಸಿದವನು ನಾನು.