ಆರನೇ ಸಿಡಿಯಲ್ಲಿ ಊರಿಗೆ ಹೋದ ಅಜ್ಜಿ

ಮಿಸ್ತ್ರಿ ಕೊನೆಯ ಸ್ಕ್ರೂ ಬಿಗಿದ. ನಾನು ಬಟನ್ ಒತ್ತಿದೆ. ಡಿಕ್ಕಿಯೊಳಗೆ ಸಿಡಿ ಬದಲಾದ ಸದ್ದು ಕೇಳುತ್ತಲೇ ಮಕ್ಕಳಿಬ್ಬರೂ ಕಾಶಿಯ ನಮ್ಮ ಶಿವಾಲ ಬಡಾವಣೆಯ ರಸ್ತೆಯಲ್ಲೇ ಕುಣಿದಾಡಿದರು. ನಮ್ಮ ಹಳೆಯ ಎಸ್‌ಯುವಿಗೆ ಈಗ ಆರು ಸಿಡಿ ಹಿಡಿಯುವ ಚೇಂಜರ್! ಎರಡು ದಿನ ಬಿಟ್ಟು ಧಾರವಾಡದ ಕಡೆಗೆ ಪ್ರಯಾಣ. ಮಕ್ಕಳು ಜಗಳವಾಡಿಕೊಂಡು ಐದು ಜಾಗಕ್ಕೂ ಹಿಂದಿ ಹಾಡು ತುಂಬಿದರು. ಆರನೆಯದನ್ನು ಪಕ್ಕದ ಮನೆಯ, ಧಾರವಾಡದ ಕಡೆಯವರೇ ಆದ ಗಂಗಮ್ಮಜ್ಜಿ ಕೇಳಿದರು. ಸಾಯುವತನಕ ಕಾಶಿಯ ಗಡಿ ದಾಟುವುದಿಲ್ಲವೆಂದು ವ್ರತ ಹಿಡಿದವರು ಅವರು.

"ನಾ ಅಂತೂ ಬರೂಹಂಗಿಲ್ಲ. ನನ್ನ ದನಿಯರೆ ಊರಿಗೆ ಹೋಗಿ ಬರ್ಲಿ," ಎಂದರು.

ಅವರು ಹಾಡಿದ ಬೀಸುವ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಸಿಡಿಗೆ ಹಾಕಿಸಿದೆ.

ಊರು ತಲುಪಿ, ಅಜ್ಜಿಯ ತಂಗಿಯ ಮನೆ ಮುಂದೆ ಗಾಡಿ ನಿಲ್ಲಿಸಿ, ಬಾಗಿಲು ತೆರೆಯುವ ಮೊದಲೇ ಆರನೇ ಸಿಡಿ ಜೋರಾಗಿ ಹಚ್ಚಿದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಆ ತಂಗಿ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಗಾಡಿಯ ಹಿಂದಿನ ಬಾಗಿಲಿಗೆ ಅಂಗೈ ಊರಿ, ಸೀಟಿನತ್ತ ಇಣುಕಿ, "ಯಕ್ಕಾ, ಕಾಶಿ ಬಿಟ್ಟು ಬಂದೀಯೇನ?" ಎಂದು ಕೂಗಿಯೇಬಿಟ್ಟರು!

ಬಾಗಿಲ ಮೇಲೆ ಒಣಗಿದ ಆ ಕೈಗುರುತನ್ನು ಕಾಶಿ ಮುಟ್ಟುವವರೆಗೂ ಒರೆಸಲಿಲ್ಲ. ಗಂಗಮ್ಮಜ್ಜಿ ಅದರ ಮೇಲೆ ತಮ್ಮ ಅಂಗೈ ಇಟ್ಟರು. ಗಾಡಿ ಇನ್ನೂ ತೊಳೆದಿಲ್ಲ.