ಎಂಜಿನ್ ಬಿಸಿಯಾಗುವವರೆಗೆ

ಲಾರಿ ಡ್ರೈವರನ ಹೆಂಡತಿಗೆ ಗಂಡ ಸಿಗುವುದು ತಿಂಗಳಿಗೆ ನಾಲ್ಕೇ ದಿನ. ಅದರಲ್ಲಿ ಎರಡು ನಿದ್ದೆಗೆ ಹೋಯಿತು, ಉಳಿದದ್ದು ಟೈರಿಗೆ, ಪರ್ಮಿಟ್ಟಿಗೆ, ಫೋನಿಗೆ. ಅವಳ ಪಾಲಿಗೆ ಉಳಿದದ್ದು ಅವನು ಹೊರಡುವ ಬೆಳಗಿನ ಕಾಲು ಗಂಟೆ. ಅದೂ ಗಂಡ ಕೊಟ್ಟದ್ದಲ್ಲ, ಕೆಟ್ಟ ಎಂಜಿನ್ ಕೊಟ್ಟದ್ದು.

ಅವರದು ನಾಲ್ಕು ಸಿಲಿಂಡರಿನ ಸಣ್ಣ ಲಾರಿ. ಎಂಟು ತಿಂಗಳಿಂದ ಅದಕ್ಕೊಂದು ಚಾಳಿ. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಗಡಗಡ ನಡುಗುವುದು, ಬಿಳಿ ಹೊಗೆ ಕಾರುವುದು, ಗೇರಿಗೆ ಹಾಕಿದರೆ ಮುಗ್ಗರಿಸಿ ನಿಂತೇಬಿಡುವುದು. ಕಾಲು ಗಂಟೆ ನಿಂತಲ್ಲೇ ಓಡಿಸಿ ಬಿಸಿ ಮಾಡಿದರೆ ಮತ್ತೆ ಸಾಧುಪ್ರಾಣಿ. ಅಷ್ಟು ಹೊತ್ತು ಮಾಡಲು ಬೇರೆ ಕೆಲಸವಿಲ್ಲದೆ ಅವನು ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಯಾವುದೋ ಪೆಟ್ರೋಲ್ ಬಂಕಿನಲ್ಲಿ ಕಂಡ ಮೂರು ಕಾಲಿನ ನಾಯಿಯ ಸುದ್ದಿ ಹೇಳುತ್ತಿದ್ದ. ಒಮ್ಮೆ ಅವಳ ಜಡೆ ಹೆಣೆಯಲು ಹೋಗಿ, ಲೋಡಿಗೆ ಹಾಕುವ ಹಗ್ಗದ ಗಂಟು ಹಾಕಿಟ್ಟಿದ್ದ. ಅದನ್ನು ಬಿಚ್ಚಲು ಅವಳಿಗೆ ಸಂಜೆಯವರೆಗೆ ಮನಸ್ಸಾಗಲಿಲ್ಲ.

ಪೇಟೆಯ ಮೇಸ್ತ್ರಿಗೆ ಅವನು ಮೂರು ಸಲ ಗಾಡಿ ತೋರಿಸಿದ. ಗ್ಯಾರೇಜು ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತಿತ್ತು. "ಚಿನ್ನದಂಥಾ ಗಾಡಿ, ಏನಾಗಿದೆ ಇದಕ್ಕೆ?" ಎಂದು ಮೇಸ್ತ್ರಿ ಬಾನೆಟ್ಟು ತಟ್ಟಿ ಕಳಿಸುತ್ತಿದ್ದ. ರಾತ್ರಿ ಇಲ್ಲೇ ಬಿಡು, ಬೆಳಗ್ಗೆ ತಣ್ಣಗಿರುವಾಗ ನೋಡೋಣ ಅಂದರೆ ಇವನು ಒಪ್ಪಲೊಲ್ಲ. ಹೆಂಡತಿಯನ್ನು ತಿಂಗಳುಗಟ್ಟಲೆ ಒಂಟಿಯಾಗಿ ಬಿಡಬಹುದಂತೆ, ಲಾರಿಯನ್ನು ಒಂದು ರಾತ್ರಿ ಬಿಡಲಾಗದಂತೆ!

ಅವಳನ್ನೇ ಕೇಳಬಹುದಿತ್ತು. ಮೆಕ್ಯಾನಿಕ್ಕಿನ ಮಗಳು ಅವಳು, ಅಪ್ಪನಿಗೆ ಸ್ಪ್ಯಾನರ್ ಎತ್ತಿಕೊಡುತ್ತಲೇ ಬೆಳೆದವಳು. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ. ಮೊದಲ ದಿನ ಸದ್ದು ಕೇಳಿದಾಗಲೇ ಅವಳಿಗೆ ತಿಳಿದಿತ್ತು: ತಣ್ಣಗಿದ್ದಾಗ ಒಂದು ಸಿಲಿಂಡರ್ ಉರಿಯುತ್ತಿಲ್ಲ. ತಿಳಿದೂ ಬಾಯಿ ಬಿಡಲಿಲ್ಲ. ಎಂಟು ತಿಂಗಳಲ್ಲಿ ಎಂಟು ಕಾಲು ಗಂಟೆ, ಒಟ್ಟು ಎರಡು ಗಂಟೆ ಗಂಡ. ಅಷ್ಟಾದರೂ ನನಗಿರಲಿ ಅನ್ನುವ ಆಸೆ ಅವಳದು.

ಈ ಸಲ ಮನೆಗೆ ಬಂದವನು ಊಟ ಮಾಡುತ್ತಾ ಹೇಳಿದ: "ಬೆಟ್ಟದ ತಿರುವಲ್ಲಿ ಬೆಳಗ್ಗೆ ಗಾಡಿ ನಿಂತ್ಬಿಡ್ತು ಕಣೇ. ಹಿಂದಿಂದ ಬಸ್ಸು. ಒಂದು ಗೇಣು ಅಷ್ಟೇ."

ಅವನು ನಗುತ್ತಲೇ ಹೇಳಿದ. ಅವಳು ಬಡಿಸುವುದನ್ನು ಬಿಟ್ಟು ಬಾಗಿಲಾಚೆ ನಿಂತ ಲಾರಿಯನ್ನೇ ನೋಡಿದಳು.

ಮರುದಿನ ಬೆಳಗ್ಗೆ ಅವಳು ಲೋಟದಲ್ಲಿ ನೀರು ಹಿಡಿದು ಲಾರಿಯ ಹತ್ತಿರ ನಿಂತಳು. "ಸ್ಟಾರ್ಟ್ ಮಾಡ್ರೀ" ಅಂದಳು. ಎಂಜಿನ್ ನಡುಗತೊಡಗಿತು. ಒಂದು ನಿಮಿಷ ಬಿಟ್ಟು, ಹೊಗೆ ಹೊರಬರುವ ನಾಲ್ಕೂ ಕೊಳವೆಗಳ ಬುಡಕ್ಕೆ ಒಂದೊಂದು ಹನಿ ನೀರು ಬಿಟ್ಟಳು. ಮೂರು ಹನಿ ಚುರ್ ಅಂತ ಆರಿದವು. ಮೂರನೇ ಸಿಲಿಂಡರಿನದು ಹಾಗೇ ಕೂತಿತ್ತು. ಎಂಜಿನ್ ನಿಲ್ಲಿಸಿ, ತಣ್ಣಗಿನ ಸಿಲಿಂಡರಿಗೆ ಶಾಖ ಕೊಡುವ ಹೀಟರ್ ಪ್ಲಗ್ಗುಗಳ ತಂತಿ ಬಿಚ್ಚಿ, ಬ್ಯಾಟರಿಗೆ ಸಿಕ್ಕಿಸಿದ ಬಲ್ಬಿನ ತಂತಿಯನ್ನು ಒಂದೊಂದು ಪ್ಲಗ್ಗಿಗೂ ಮುಟ್ಟಿಸಿ ನೋಡಿದಳು. ಉಳಿದವಕ್ಕೆ ಬಲ್ಬು ಹತ್ತಿತು, ಮೂರನೆಯದಕ್ಕೆ ಮಾತ್ರ ಇಲ್ಲ.

"ಈ ಪ್ಲಗ್ ಸತ್ತಿದೆ. ತಣ್ಣಗಿದ್ದಾಗ ಡೀಸೆಲ್ ಹೊತ್ಕೊಳ್ಳಲ್ಲ. ಬಿಸಿ ಆದ್ಮೇಲೆ ಪ್ಲಗ್ಗೇ ಬೇಕಾಗಲ್ಲ, ಅದಕ್ಕೇ ಮೇಸ್ತ್ರಿಗೆ ಸಿಗಲಿಲ್ಲ."

ಅವನು ಕಣ್ಣು ಕಣ್ಣು ಬಿಟ್ಟ. "ನಿಂಗೆ ಯಾವಾಗಿಂದ ಗೊತ್ತು?"

"ಎಂಟು ತಿಂಗಳಿಂದ."

"ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ನನ್ನ ಜೊತೆ ಕೂರ್ತಿರಲಿಲ್ಲ."

ಅವನು ತಲೆ ತಗ್ಗಿಸಿಕೊಂಡು ಪೇಟೆಗೆ ಹೋಗಿ ಹೊಸ ಪ್ಲಗ್ ತಂದ. ಅವಳೇ ಕೂರಿಸಿದಳು.

ಹೊರಡುವ ಬೆಳಗ್ಗೆ ಕೀ ತಿರುಗಿಸಿದ್ದೇ ತಡ, ಎಂಜಿನ್ ಹೊತ್ತಿಕೊಂಡಿತು. ಹೊಗೆಯಿಲ್ಲ, ನಡುಕವಿಲ್ಲ. ಅವನು ಅದನ್ನು ಆರಿಸಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತ. "ಕಾಲು ಗಂಟೆ ಕೂರ್ತೀನಿ" ಅಂದ. ಅವಳ ಕಣ್ಣು ತುಂಬಿತು.

ಆದರೆ ಅವನು ಒಮ್ಮೆ ಗಡಿಯಾರ ನೋಡಿದ, ಒಮ್ಮೆ ಬಾಗಿಲು ನೋಡಿದ. ಚಹಾ ಚೆನ್ನಾಗಿದೆ ಅಂದ, ಹದಿನಾರು ವರ್ಷದಲ್ಲಿ ಮೊದಲ ಸಲ. ಪರೀಕ್ಷೆಗೆ ಕೂತವನ ಹಾಗೆ ಬೆವರುತ್ತಿದ್ದ ಅವನನ್ನು ನೋಡಿ ಅವಳಿಗೇ ಅಯ್ಯೋ ಪಾಪ ಅನ್ನಿಸಿತು.

"ಹೊರಡಿ, ಲೋಡಿಗೆ ತಡ ಆಗುತ್ತೆ" ಅಂದಳು. ಇಲ್ಲ, ಇನ್ನೂ ಹೊತ್ತಿದೆ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಹೌದಲ್ವಾ" ಎಂದು ಅವನು ಎದ್ದ.